ಕೊಳ್ಳುವವನ ಮೌನ

ವ್ಯಾಪಾರದಲ್ಲಿ ಸುಳ್ಳಾಡಬಾರದೆಂದು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಆದರೆ ಆ ಉಪದೇಶವೆಲ್ಲ ಮಾರುವವನನ್ನು ಕುರಿತದ್ದು. ತೂಕದಲ್ಲಿ ಮೋಸ, ಹಾಲಿಗೆ ನೀರು, ಹಳೆಯ ಸರಕಿಗೆ ಹೊಸ ಬಣ್ಣ, ಇವೆಲ್ಲ ಅವನ ಪಾಪಗಳು. ಕೊಳ್ಳುವವನಿಗೂ ಒಂದು ಧರ್ಮವುಂಟೆ? ಅವನು ಬಾಯಿ ಮುಚ್ಚಿಕೊಂಡಿದ್ದರೆ ಅದು ಜಾಣತನವೋ, ಅಸತ್ಯವೋ? ಈ ಪ್ರಶ್ನೆ ನನಗೆ ಗ್ರಂಥದಿಂದ ಬಂದುದಲ್ಲ. ಒಂದು ಹಳೆಯ ಪೆಟ್ಟಿಗೆಯಿಂದ ಬಂದುದು.

ನಮ್ಮ ಶಾಲೆಯ ಎರಡು ಬ್ಯೂಗಲ್‌ಗಳು ಬಿದ್ದು ನೆಗ್ಗಿದ್ದವು. ಉಪಕರಣಗಳಿದ್ದರೆ ಸರಿಪಡಿಸಿಕೊಡುವೆನೆಂದು ಮದುವೆ ಬ್ಯಾಂಡಿನವರೊಬ್ಬರು ಹೇಳಿದ್ದರು. ವಾದ್ಯ ದುರಸ್ತಿ ಮಾಡುತ್ತಿದ್ದ ವೃದ್ಧರೊಬ್ಬರು ತೀರಿಕೊಂಡಿದ್ದರು. ಅವರ ಮಗನು ಪೆಟ್ಟಿಗೆಯನ್ನು ಗುಜರಿಗೆ ಹಾಕಲಿದ್ದನು. ನಾನು ಅಲ್ಲಿಗೆ ಹೋದೆನು.

ಹಿತ್ತಾಳೆಯು ತಾಮ್ರ ಸತುಗಳ ಮಿಶ್ರಲೋಹ. ಬ್ಯೂಗಲ್ಲಿನ ಕೊಳವೆಯ ದಪ್ಪ ಸುಮಾರು ಅರ್ಧ ಮಿಲಿಮೀಟರು. ಅದರ ನೆಗ್ಗನ್ನು ಒಳಗಿನಿಂದಲೇ ಎತ್ತಬೇಕು. ಮೊದಲು ಸಣ್ಣ ಉಕ್ಕಿನ ಗುಂಡು, ಅನಂತರ ಅದಕ್ಕಿಂತ ತುಸುವೇ ದೊಡ್ಡದು, ಹೀಗೆ ಒಂದೊಂದಾಗಿ ಕೊಳವೆಯೊಳಗೆ ಹಾಯಿಸುತ್ತಾರೆ. ನಡುವೆ ಒಂದು ಅಳತೆ ತಪ್ಪಿದರೂ ಗುಂಡು ಸಿಕ್ಕಿಕೊಳ್ಳಬಹುದು, ಕೊಳವೆ ಹಿಗ್ಗಬಹುದು. ಅಗಲವಾದ ಬಾಯಿಗೆ ಒಳಗೊಂದು ಉಕ್ಕಿನ ದಿಂಡನ್ನಿಟ್ಟು ಹೊರಗಿನಿಂದ ಸುತ್ತಿಗೆಯಾಡಿಸುತ್ತಾರೆ. ಪೆಟ್ಟು ಬಿದ್ದಂತೆಲ್ಲ ಹಿತ್ತಾಳೆ ಗಡುಸಾಗುತ್ತದೆ, ಅತಿಯಾದರೆ ಬಿರಿಯುತ್ತದೆ. ಉಕ್ಕಿನ ಮೇಲೆ ತುಕ್ಕಿನ ಕುಳಿಯಿದ್ದರೆ ಅದರ ಅಚ್ಚು ಹಿತ್ತಾಳೆಯ ಮೇಲೆ ಮೂಡುತ್ತದೆ. ಆದುದರಿಂದ ಹಳೆಯ ಉಪಕರಣ ಕೊಳ್ಳುವವನು ಪ್ರತಿಯೊಂದರ ಮೈಯನ್ನೂ ಬೆರಳಾಡಿಸಿ ನೋಡಬೇಕು, ಅಳತೆಗಳನ್ನು ಎಣಿಸಬೇಕು.

ನಾನು ಹಾಗೆಯೇ ಮಾಡಿದೆನು. ಎರಡು ಗುಂಡುಗಳಿಗೆ ತುಕ್ಕು ಹಿಡಿದಿದೆ ಎಂದೆನು. ಒಂದು ಸುತ್ತಿಗೆಯ ಹಿಡಿ ಸಡಿಲವಾಗಿದೆ ಎಂದೆನು. ಬೆಲೆ ಇಳಿಯಿತು. ಆದರೆ ಗುಂಡುಗಳ ಸಾಲು ಸಂಪೂರ್ಣವಾಗಿದೆ, ಹೊಸದು ತರಿಸಿದರೆ ಇದರ ಹಲವು ಪಟ್ಟು ಬೆಲೆಯಾಗುತ್ತದೆ ಎಂದು ಹೇಳಲಿಲ್ಲ. ಅವನು ಕಬ್ಬಿಣದ ತೂಕಕ್ಕೆ ಕೊಟ್ಟನು, ನಾನು ತಂದೆನು. ಮನೆಗೆ ಬಂದಮೇಲೆ ಹೊಳೆಯಿತು: ದೋಷವನ್ನು ಹೇಳಲು ನನಗೆ ಬಾಯಿಯಿತ್ತು, ಗುಣವನ್ನು ಹೇಳಲು ಇರಲಿಲ್ಲ.

ಬೆಲೆ ಹೇಳಿದವನು ಅವನೇ ಅಲ್ಲವೆ, ಬಲ್ಲವನು ತನ್ನ ತಿಳಿವಳಿಕೆಯಿಂದ ಲಾಭ ಪಡೆದರೆ ತಪ್ಪೇನು ಎಂದು ಕೇಳಬಹುದು. ವರ್ಷಗಟ್ಟಲೆ ಕಲಿತು ಗಳಿಸಿದ ತಿಳಿವಳಿಕೆಗೆ ಪ್ರತಿಫಲ ಬೇಕೆಂಬುದೇನೋ ನಿಜ. ಆದರೆ ನನ್ನದು ಅಂತಹುದಲ್ಲ. ಆ ಬ್ಯಾಂಡಿನವರು ಬಿಟ್ಟಿಯಾಗಿ ಹೇಳಿಕೊಟ್ಟುದನ್ನು ನಾನು ಇನ್ನೊಬ್ಬನಿಂದ ಮುಚ್ಚಿಟ್ಟು ಹಣ ಮಾಡಿದೆನು.

ರೋಮಿನ ಸಿಸೆರೋ ಕ್ರಿ. ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಸ್ಕೇವೋಲ ಎಂಬವನ ಪ್ರಸಂಗವಿದೆ. ಅವನು ಹೊಲವೊಂದನ್ನು ಕೊಳ್ಳಲು ಹೋಗಿ ಒಂದೇ ಮಾತಿನ ಬೆಲೆ ಕೇಳಿದನು. ಮಾರುವವನು ಹೇಳಿದ ಬೆಲೆ ಕಡಿಮೆಯೆಂದು ತಾನೇ ಲಕ್ಷ ಸೆಸ್ಟರ್ಸ್ ನಾಣ್ಯ ಹೆಚ್ಚಿಗೆ ಕೊಟ್ಟನು. ಇದು ಸಜ್ಜನನ ನಡತೆಯೆಂದು ಎಲ್ಲರೂ ಒಪ್ಪುತ್ತಾರೆ, ಜಾಣನ ನಡತೆಯೆಂದು ಒಪ್ಪರು ಎನ್ನುತ್ತಾನೆ ಸಿಸೆರೋ. ಒಳ್ಳೆಯತನ ಬೇರೆ, ಜಾಣತನ ಬೇರೆ ಎಂಬ ಆ ಎಣಿಕೆಯೇ ಕೇಡಿಗೆ ಮೂಲವೆಂದೂ ಹೇಳುತ್ತಾನೆ.

ನಮ್ಮ ತರಗತಿಯಲ್ಲಿಯೂ ಇದೇ ಪರೀಕ್ಷೆ ನಡೆಯುತ್ತದೆ. ಅಂಕಗಳ ಮೊತ್ತ ಎರಡು ಕಡಿಮೆಯಾದರೆ ಹುಡುಗನು ಓಡಿ ಬರುತ್ತಾನೆ. ಎರಡು ಹೆಚ್ಚಾದರೆ ಬೆಂಚಿನಲ್ಲಿಯೇ ಕುಳಿತಿರುತ್ತಾನೆ. ಅವನು ಸುಳ್ಳು ಹೇಳಲಿಲ್ಲ. ಸತ್ಯವನ್ನು ಒಂದೇ ಕಡೆಗೆ ನಡೆಸಿದನು. ಅವನಿಗೆ ಬುದ್ಧಿ ಹೇಳುವ ನಾನು ಮಾಡಿದ್ದೂ ಅದನ್ನೇ.

ಮುಂದಿನ ಭಾನುವಾರ ಹೋಗಿ ಆ ಮಗನಿಗೆ ನಿಜವನ್ನು ಹೇಳಿ, ಕೈಲಾದಷ್ಟು ಹಣ ಕೊಟ್ಟೆನು. ಅವನು ಹಣವನ್ನು ಎಣಿಸಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, ಆ ಸಡಿಲ ಹಿಡಿಯ ಸುತ್ತಿಗೆಯನ್ನು ಹಿಂದಕ್ಕೆ ಕೊಡುವಿರಾ ಎಂದು ಕೇಳಿದನು. ಅಪ್ಪನ ಕೆಲಸಕ್ಕೆ ಇಷ್ಟು ಬೆಲೆಯಿತ್ತೆಂದು ಅವನಿಗೆ ಅಂದೇ ತಿಳಿದುದು. ಕೊಟ್ಟು ಬಂದೆನು.

ಮೌನದಿಂದ ನಾನು ಹಣವನ್ನು ಮಾತ್ರ ಉಳಿಸಿಕೊಂಡೆನೆಂದು ಎಣಿಸಿದ್ದೆನು. ತಂದೆಯ ಯೋಗ್ಯತೆಯನ್ನು ಮಗನು ಅರಿಯುವ ಅವಕಾಶವನ್ನೂ ತಡೆದಿದ್ದೆನೆಂಬುದು ಆಗ ಗೊತ್ತಾಯಿತು. ಬ್ಯೂಗಲ್‌ಗಳ ನೆಗ್ಗು ಈಗ ಹೋಗಿದೆ. ಬ್ಯಾಂಡಿನವರು ಬೇರೊಂದು ಸುತ್ತಿಗೆಯನ್ನು ಎಲ್ಲಿಂದಲೋ ತಂದುಕೊಂಡರು.