ಕಾಯಿ ಒಡೆಯುವ ಮುನ್ನ

ಖಂಡೇನವಮಿಯ ದಿನ ನಮ್ಮ ಕಡೆಯ ಗಾಡಿಗಳಿಗೆ ಸಿಗುವ ಮರ್ಯಾದೆ ನೋಡುವಂಥದ್ದು. ಬೆಳಗಾಗುತ್ತಲೇ ತೊಳೆದು ಒರೆಸಿ, ಮುಂದೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ಇಳಿಬಿಟ್ಟು, ಬಾನೆಟ್ಟಿನ ಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಗಾಲಿಯಡಿ ಲಿಂಬೆಹಣ್ಣಿಟ್ಟು ಮೆಲ್ಲಗೆ ಮುಂದೆ ಬಿಡುತ್ತಾರೆ. ಇಷ್ಟೆಲ್ಲ ಮಾಡಿದವರಲ್ಲಿ ಅದೇ ಬಾನೆಟ್ಟನ್ನು ಎತ್ತಿ ಒಳಗೆ ಕಣ್ಣು ಹಾಯಿಸುವವರು ತೀರಾ ಕಡಿಮೆ. ಪೂಜೆ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಜೊತೆ ದುಡಿಯುವ ವಸ್ತುವಿಗೆ ಕೈಮುಗಿಯುವುದು ಒಳ್ಳೆಯ ನಡತೆಯೇ. ನನ್ನ ತಕರಾರು ವರ್ಷದ ಮಿಕ್ಕ ದಿನಗಳ ಬಗ್ಗೆ.

ಆ ದಿನಗಳಲ್ಲಿ ಗಾಡಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ನೆನಪಿಸುವ ಜಾಗವೊಂದು ನಮ್ಮ ಕಡೆಯೇ ಇದೆ. ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೊರಟರೆ ಶಿಗ್ಗಾವಿಗೆ ಮುನ್ನ ಗೊಟಗೋಡಿ ಸಿಗುತ್ತದೆ. ಸರಕಾರದ ಲೆಕ್ಕದಲ್ಲಿ ಈ ರಸ್ತೆ ಈಗ 48ನೇ ರಾಷ್ಟ್ರೀಯ ಹೆದ್ದಾರಿ, ಹಳಬರ ಬಾಯಲ್ಲಿ ಇನ್ನೂ ಪಿ.ಬಿ. ರೋಡ್. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಕೂಡ ಇಲ್ಲೇ. ಒಕ್ಕಲುತನ, ದನಕರು, ಕಸುಬುದಾರರು ಹೀಗೆ ಹಳ್ಳಿಯ ಬದುಕೆಲ್ಲ ಆಳೆತ್ತರದ ಶಿಲ್ಪಗಳಾಗಿ ನಿಂತಿರುವ ಜಾಗ ಅದು. ಜನ ಕಾರು, ಟೆಂಪೊ, ಬೈಕುಗಳಲ್ಲಿ ಬಂದು ಆ ಶಿಲ್ಪಗಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ.

ಆ ಶಿಲ್ಪಗಳು ನೆನಪಿಸುವ ಬದುಕಿನಲ್ಲಿ ಗಾಡಿಯೆಂದರೆ ಚಕ್ಕಡಿ. ಜಾತ್ರೆಗಾಗಲಿ ಸಂತೆಗಾಗಲಿ ಹೊರಡುವ ಮುನ್ನ ಕೀಲೆಣ್ಣೆ ಹಾಕದೆ ಎತ್ತಿನ ಹೆಗಲಿಗೆ ನೊಗ ಏರಿಸುತ್ತಿರಲಿಲ್ಲ. ಕಡಾಣಿ ಗಟ್ಟಿಯಾಗಿದೆಯೇ, ಗಾಲಿಯ ಕಬ್ಬಿಣದ ಪಟ್ಟಿ ಸಡಿಲಾಗಿದೆಯೇ, ಎತ್ತಿನ ಲಾಳ ಸವೆದಿದೆಯೇ, ಇವನ್ನೆಲ್ಲ ನೋಡುವುದು ಯಾರೂ ಕಲಿಸದೆ ಬಂದ ರೂಢಿಯಾಗಿತ್ತು. ಅದಕ್ಕೆ ಕಾರಣ ಆ ಕಾಲದವರು ನಮಗಿಂತ ಶಿಸ್ತಿನವರು ಎಂಬುದಲ್ಲ. ಎಣ್ಣೆ ಒಣಗಿದ ಚಕ್ಕಡಿ ಕಿರ್ರೋ ಎಂದು ಊರಿಗೆಲ್ಲ ಕೇಳುವಂತೆ ಅರಚುತ್ತಿತ್ತು. ನಾಲ್ಕು ಮಂದಿ ಎದುರು ಅಲಕ್ಷ್ಯ ಬಯಲಾಗುತ್ತಿತ್ತು. ಲಾಳ ಕಿತ್ತ ಎತ್ತು ಅಲ್ಲೇ ಕುಂಟುತ್ತಿತ್ತು.

ಇಂದಿನ ಕಾರು ಹಾಗೆ ಅರಚುವುದಿಲ್ಲ. ಆಯಿಲ್ ಅರ್ಧಕ್ಕೆ ಇಳಿದರೂ ಎಂಜಿನ್ ಅಷ್ಟೇ ನುಣ್ಣಗೆ ಓಡುತ್ತದೆ, ಏಸಿ ಅಷ್ಟೇ ತಂಪಾಗಿರುತ್ತದೆ, ಹಾಡು ನಡೆದೇ ಇರುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತುವ ಹೊತ್ತಿಗೆ ಎಷ್ಟೋ ಸಲ ಕೆಲಸ ಕೆಟ್ಟಿರುತ್ತದೆ. ಆಯಿಲ್ ದೀಪ ತೋರಿಸುವುದು ಬಹುತೇಕ ಗಾಡಿಗಳಲ್ಲಿ ಆಯಿಲಿನ ಒತ್ತಡವನ್ನು, ಮಟ್ಟವನ್ನಲ್ಲ. ಒತ್ತಡ ಬಿತ್ತೆಂದರೆ ಒಳಗೆ ಲೋಹಕ್ಕೆ ಲೋಹ ಉಜ್ಜಲು ಶುರುವಾಗಿದೆ ಎಂದೇ ಅರ್ಥ. ದೂರದೆ ದುಡಿಯುವವರ ಬಗ್ಗೆ ನಾವು ಬೇಗ ಮೈಮರೆಯುತ್ತೇವೆ. ಮನೆಯಲ್ಲೂ ಕಚೇರಿಯಲ್ಲೂ ನಡೆಯುವುದು ಇದೇ. ಬಾಯಿಬಿಟ್ಟು ಕೇಳುವವರ ಕೆಲಸ ಮೊದಲು ಆಗುತ್ತದೆ, ಸುಮ್ಮನಿರುವವರ ಸರದಿ ಕೊನೆಗೆ ಬರುತ್ತದೆ. ಸುಮ್ಮನಿರುವುದನ್ನೂ ಆಗಾಗ ಮಾತಾಡಿಸಿ ನೋಡುವುದು ಒಂದು ಅಭ್ಯಾಸ. ಅದನ್ನು ಕಲಿಯಲು ಬಾನೆಟ್ಟಿಗಿಂತ ಅಗ್ಗದ ಜಾಗ ನನಗೆ ತೋಚುವುದಿಲ್ಲ.

ಈ ಅಭ್ಯಾಸ ಇರುವವರನ್ನು ನೋಡಬೇಕೆಂದರೆ ರಜಾದಿನ ಪ್ರವಾಸಿ ತಾಣದ ಒಳಗಲ್ಲ, ಹೊರಗೆ ಗಾಡಿ ನಿಲ್ಲಿಸುವಲ್ಲಿ ನಿಂತು ನೋಡಿ. ಹಳದಿ ಬೋರ್ಡಿನ ಟ್ಯಾಕ್ಸಿಯವರು ಪ್ರಯಾಣಿಕರನ್ನು ಇಳಿಸಿ, ಚಹಾ ಕುಡಿದು, ಎಂಜಿನ್ ಬಿಸಿ ಆರಿದ ಮೇಲೆ ಬಾನೆಟ್ ಎತ್ತುತ್ತಾರೆ. ಹೆಗಲ ಮೇಲಿನ ಬಟ್ಟೆಯಿಂದ ಡಿಪ್‌ಸ್ಟಿಕ್ ಒರೆಸಿ, ಮತ್ತೆ ಇಳಿಸಿ, ತೆಗೆದು, ಬಿಸಿಲಿಗೆ ಹಿಡಿಯುತ್ತಾರೆ. ಎರಡು ಬೆರಳಿನ ನಡುವೆ ಆಯಿಲ್ ತಿಕ್ಕಿ ನೋಡುತ್ತಾರೆ. ಕೂಲಂಟ್ ಬಾಟಲಿಗೆ ಒಂದು ನೋಟ, ಗಾಲಿಗಳಿಗೆ ಒಂದೊಂದು ಒದೆತ. (ಒದ್ದರೆ ಟೈರಿನ ಗಾಳಿ ತಿಳಿಯುವುದಿಲ್ಲ, ಅದು ಬರೀ ಸಮಾಧಾನ. ಗೇಜು ಹಚ್ಚಿಯೇ ನೋಡಬೇಕು.) ಗಾಡಿ ನಿಂತರೆ ಅವರ ಅಂದಿನ ದುಡಿಮೆ ನಿಲ್ಲುತ್ತದೆ, ಆದ್ದರಿಂದ ನೋಡುತ್ತಾರೆ. ನಮಗೆ ಆ ಭಯವಿಲ್ಲದ್ದರಿಂದ ಸರ್ವಿಸಿನ ತಾರೀಕು ಬರುವ ತನಕ ಎಲ್ಲವನ್ನೂ ಗ್ಯಾರೇಜಿನ ತಲೆಗೆ ಕಟ್ಟಿರುತ್ತೇವೆ.

ನೋಡಬೇಕಾದದ್ದು ಬಹಳ ಇಲ್ಲ. ಆಯಿಲ್ ನೋಡಲು ಗಾಡಿ ಸಮತಟ್ಟು ನೆಲದಲ್ಲಿರಬೇಕು. ಎಂಜಿನ್ ಆರಿಸಿ ಹತ್ತು ನಿಮಿಷವಾದರೂ ಕಳೆದಿರಬೇಕು, ಇಲ್ಲವಾದರೆ ಮೇಲೆ ಏರಿದ ಆಯಿಲ್ ಕೆಳಗಿಳಿಯದೆ ಮಟ್ಟ ಕಡಿಮೆ ತೋರುತ್ತದೆ. ಡಿಪ್‌ಸ್ಟಿಕ್ಕಿನ ಎರಡು ಗುರುತುಗಳ ನಡುವೆ ಇದ್ದರೆ ಸಾಕು. ಮೇಲಿನ ಗುರುತು ದಾಟಿಸಿ ತುಂಬುವುದೂ ಕೆಡುಕೇ. ಡೀಸೆಲ್ ಗಾಡಿಯ ಆಯಿಲ್ ಬದಲಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ, ಅದಕ್ಕೆ ಗಾಬರಿ ಬೇಡ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ಮಾತ್ರ ಗಾಡಿ ಮುಂದೆ ಒಯ್ಯಬಾರದು. ಆಯಿಲಿಗೆ ಕೂಲಂಟ್ ಸೇರುತ್ತಿರುವ ಗುರುತು ಅದು. ನಮ್ಮ ತಾಲ್ಲೂಕುಗಳಲ್ಲಿ ಕಾರಿಗಿಂತ ಬೈಕೇ ಹೆಚ್ಚು, ಅವುಗಳ ಪಾಡು ಇನ್ನೂ ಕಡೆ. ಬಹಳಷ್ಟು ಬೈಕುಗಳಲ್ಲಿ ಡಿಪ್‌ಸ್ಟಿಕ್ಕನ್ನು ತಿರುಪಿ ಬಿಗಿಯದೆ ಬರಿದೆ ಇಳಿಸಿ ಅಳತೆ ನೋಡಬೇಕು. ನಿಮ್ಮ ಬೈಕಿಗೆ ಯಾವ ಕ್ರಮ ಎಂಬುದು ಅದರ ಕೈಪಿಡಿಯಲ್ಲಿದೆ. ಆ ಕೈಪಿಡಿ ಸೀಟಿನ ಕೆಳಗೆ ಪ್ಲಾಸ್ಟಿಕ್ ಕೂಡ ಬಿಚ್ಚದೆ ಕೂತಿರುತ್ತದೆ.

ಕೂಲಂಟಿನ ವಿಷಯ ತುಸು ವಿವರವಾಗಿ ಹೇಳಬೇಕು, ನಮ್ಮ ಕಡೆ ಎಂಜಿನ್ನುಗಳಿಗೆ ಹೆಚ್ಚು ಅನ್ಯಾಯವಾಗುವುದು ಅಲ್ಲಿ. ಬೇಸಿಗೆ, ಮದುವೆ, ಹಾನಗಲ್ಲಿನ ಮಾವಿನ ಹಂಗಾಮು ಎಲ್ಲ ಒಟ್ಟಿಗೇ ಬರುತ್ತವೆ. ವಾರವೆಲ್ಲ ಊರ ರಸ್ತೆಯಲ್ಲಿ ಮೆಲ್ಲಗೆ ಓಡಾಡಿದ ಗಾಡಿಗೆ ಏಳು ಮಂದಿ ಹತ್ತಿ, ಏಸಿ ಹಾಕಿ, ಹೆದ್ದಾರಿಗೆ ಬರುತ್ತಾರೆ. ಎಂಜಿನ್ನಿನ ಕಾವು ನಿಭಾಯಿಸುವುದು ಆ ಹಸಿರು ಅಥವಾ ಕೆಂಪು ದ್ರವ. ಅದರ ಮಟ್ಟ ಇಳಿದರೆ ನಾವು ಮಾಡುವ ಮೊದಲ ಕೆಲಸ ಬೋರಿನ ನೀರು ಹೊಯ್ಯುವುದು. ಅನ್ನದ ಪಾತ್ರೆಯ ತಳಕ್ಕೆ ಬಿಳಿ ಪಟ್ಟೆ ಕಟ್ಟುವ ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಪಟ್ಟೆ ಕಟ್ಟುತ್ತದೆ. ಕೂಲಂಟ್ ಕೊಂಡಾಗ ಡಬ್ಬಿಯ ಮೇಲೆ ನೇರ ಹಾಕುವಂಥದ್ದೋ, ಬೆರೆಸುವಂಥದ್ದೋ ಓದಿ. ಬೆರೆಸುವುದಾದರೆ ಭಟ್ಟಿ ಇಳಿಸಿದ ಡಿಸ್ಟಿಲ್ಡ್ ನೀರನ್ನೇ ಬಳಸಿ, ಸಾಮಾನ್ಯವಾಗಿ ಸಮಪಾಲು. ಮೀಟರಿನ ಮುಳ್ಳು ಕೆಂಪಿಗೆ ಬಂದರೆ ಗಾಡಿಯನ್ನು ಬದಿಗೆ ಹಚ್ಚಿ ಎಂಜಿನ್ ಆರಿಸಿ ಕಾಯಿರಿ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲೇಬೇಡಿ. ಒಳಗಿನ ನೀರು ಒತ್ತಡದಲ್ಲಿ ಇರುವುದರಿಂದ ನೂರು ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಾದ ಕ್ಷಣ ಕುದಿದು ಮುಖಕ್ಕೆ ಸಿಡಿಯುತ್ತದೆ. ಅವಸರದ ಮಂದಿ ಕೈ ಸುಟ್ಟುಕೊಳ್ಳುವುದು ಹೀಗೆಯೇ.

ಬ್ರೇಕ್ ಆಯಿಲಿನದು ಬೇರೆ ಕಥೆ. ಬಾನೆಟ್ಟಿನ ಒಳಗೆ ಮಸುಕಾದ ಬಿಳಿಯ ಸಣ್ಣ ಡಬ್ಬಿ, ಅದರ ಮೇಲೆ ಎರಡು ಗೆರೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದಿರುತ್ತದೆ. ಈ ದ್ರವಕ್ಕೆ ಗಾಳಿಯ ತೇವ ಹೀರುವ ಗುಣವಿದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ಅದರ ಮಾನದಂಡ. ತೇವ ಹೀರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುತ್ತ ಅಂಕೋಲೆಗೋ ಗೋಕರ್ಣಕ್ಕೋ ಹೊರಟವರು ಕಾಲನ್ನು ಬ್ರೇಕಿನ ಮೇಲೇ ಇಟ್ಟರೆ ಗಾಲಿಗಳ ಹತ್ತಿರ ಕಾವು ಏರುತ್ತದೆ. ಹಳೆಯ ದ್ರವ ಕುದಿದು ಆವಿಯಾಗುತ್ತದೆ. ದ್ರವವನ್ನು ಒತ್ತಿದರೆ ಅದು ಅಷ್ಟೇ ಬಲದಿಂದ ಮುಂದಕ್ಕೆ ಒತ್ತುತ್ತದೆ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಿ ಎಂದು ಬಹುತೇಕ ಕಂಪನಿಗಳು ಹೇಳುವುದು ಇದಕ್ಕಾಗಿ. ಘಟ್ಟದ ಇಳಿಜಾರಿನಲ್ಲಿ ಸಣ್ಣ ಗೇರಿಗೆ ಹಾಕಿ ಇಳಿಯಿರಿ ಎಂದು ಹಳೆಯ ಲಾರಿ ಚಾಲಕರು ಹೇಳುವುದೂ ಇದಕ್ಕಾಗಿಯೇ.

ಅದೇ ಡಬ್ಬಿಯ ಮಟ್ಟ ಇಳಿದಿದ್ದರೆ ಕೂಡಲೇ ತುಂಬಬೇಡಿ ಎಂದೂ ಹೇಳಬೇಕು. ಬ್ರೇಕ್ ಪ್ಯಾಡ್ ಸವೆದಂತೆ ದ್ರವ ಸಹಜವಾಗಿ ಕೆಳಗಿಳಿಯುತ್ತದೆ. ಅದು ಪ್ಯಾಡ್ ಬದಲಿಸುವ ಕಾಲ ಬಂತು ಎಂದು ಹೇಳುತ್ತಿರಬಹುದು, ಇಲ್ಲವೇ ಎಲ್ಲಿಯೋ ಸೋರುತ್ತಿರಬಹುದು. ಸುಮ್ಮನೆ ತುಂಬಿಬಿಟ್ಟರೆ ಬಂದ ಸುದ್ದಿಯನ್ನು ನಾವೇ ಅಳಿಸಿದಂತೆ. ಕಡಿಮೆಯಾದದ್ದನ್ನು ತುಂಬಿ ಮುಂದೆ ಸಾಗುವವರು ಬಹಳ, ಏಕೆ ಕಡಿಮೆಯಾಯಿತು ಎಂದು ಕೇಳುವವರು ವಿರಳ. ಸಂಸಾರದ ಖರ್ಚುವೆಚ್ಚದಲ್ಲಿ ತಿಂಗಳಾ ತಿಂಗಳಾ ಸಾಲ ಮಾಡಿ ಕೊರತೆ ತುಂಬುವವರ ರೀತಿಯೂ ಇದೇ ಎಂದು ನನಗೆ ಅನ್ನಿಸಿದ್ದುಂಟು.

ಮಿಕ್ಕದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಗ್ಲಾಸು ತೊಳೆಯುವ ನೀರು ತುಂಬಿರಲಿ, ರಾತ್ರಿ ಹುಳ ಬಡಿದ ಗಾಜಿನ ಮೇಲೆ ಬರೀ ವೈಪರ್ ಆಡಿಸಿದರೆ ಎದುರಿನ ದೀಪವೆಲ್ಲ ಮಸುಕಾಗಿ ಹರಡುತ್ತದೆ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಹಸಿರು ಪುಡಿ ಕಟ್ಟಿದ್ದರೆ ತೆಗೆಸಿ. ಟೈರಿನ ಗಾಳಿಯನ್ನು ಗಾಡಿ ಓಡುವ ಮುನ್ನ ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕು ಎಂಬುದು ಹೆಚ್ಚಿನ ಕಾರುಗಳಲ್ಲಿ ಚಾಲಕನ ಬಾಗಿಲ ಸಂದಿನ ಚೀಟಿಯಲ್ಲೇ ಇದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಕಾರಿನ ಟೈರಿನ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಓಡಿಸುವಂತಿಲ್ಲ ಎಂಬುದು ಕಾನೂನು.

ಇಷ್ಟು ತಿಳಿದುಕೊಳ್ಳುವುದು ಒಂದು ಸಂಜೆಯ ಕೆಲಸ. ಕಷ್ಟವಿರುವುದು ಮಾಡುತ್ತ ಹೋಗುವುದರಲ್ಲಿ. ಹೊಸ ಅಭ್ಯಾಸಕ್ಕೆ ಹೊಸ ದಿನ ಹುಡುಕಿದರೆ ಅದು ಮೂರನೇ ವಾರಕ್ಕೇ ಮರೆತುಹೋಗುತ್ತದೆ. ಈಗಾಗಲೇ ಗಟ್ಟಿಯಾಗಿರುವ ಅಭ್ಯಾಸಕ್ಕೆ ಅದನ್ನು ಕಟ್ಟಬೇಕು. ನಮ್ಮ ಭಾಗದಲ್ಲಿ ಅಂಥದ್ದು ಒಂದು ಇದ್ದೇ ಇದೆ. ಅಮಾವಾಸ್ಯೆಗೆ ಗಾಡಿ ತೊಳೆದು, ಊದುಬತ್ತಿ ಹಚ್ಚಿ, ಕಾಯಿ ಒಡೆಯುವುದನ್ನು ಟ್ರ್ಯಾಕ್ಟರಿನವರು, ಟಂಟಂನವರು, ಲಾರಿಯವರು ಯಾರೂ ತಪ್ಪಿಸುವುದಿಲ್ಲ. ಹಂಗಾಮಿನ ಗಡಿಬಿಡಿಯಲ್ಲೂ ಅದು ನೆನಪಿರುತ್ತದೆ. ಕಾಯಿ ಒಡೆಯುವ ಮುನ್ನ ಬಾನೆಟ್ ಎತ್ತಿ ಐದು ನಿಮಿಷ ನೋಡುವುದನ್ನು ಆ ಪೂಜೆಯ ಭಾಗವೇ ಮಾಡಿಕೊಂಡರೆ ತಿಂಗಳಿಗೊಮ್ಮೆ ತಪಾಸಣೆ ತಾನಾಗಿ ಆಗುತ್ತದೆ. ಪೂಜೆ ಮಾಡದ ಮನೆಗಳಲ್ಲಿ ಸಂಬಳದ ದಿನವೋ ಸಂತೆಯ ದಿನವೋ ಆದೀತು. ದೂರದ ಊರಿಗೆ ಹೊರಡುವ ಹಿಂದಿನ ಸಂಜೆ ಮತ್ತೊಮ್ಮೆ ನೋಡಿದರಾಯಿತು.

ಕೆಡುವ ತನಕ ಕಾಯದೆ ತಾರೀಕಿಗೆ ಸರಿಯಾಗಿ ನೋಡುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರ ಸದರ್ನ್ ಮರಾಠಾ ರೈಲ್ವೆಯ ಕಾಲದ್ದು, 1880ರ ದಶಕದಲ್ಲಿ ಶುರುವಾದದ್ದು. ರೈಲು ಬೋಗಿಗಳು ಇಂಥ ಕಾರ್ಯಾಗಾರಗಳಿಗೆ ಕೆಟ್ಟಾಗ ಮಾತ್ರ ಬರುವುದಿಲ್ಲ. ಅವಧಿ ಮುಗಿಯಿತೆಂದರೆ ಚೆನ್ನಾಗಿ ಓಡುತ್ತಿರುವ ಬೋಗಿಯನ್ನೂ ತಂದು ಬಿಚ್ಚಿ ನೋಡುತ್ತಾರೆ. ರೈಲು ಓಡಿಸುವವರ ಇನ್ನೊಂದು ರೂಢಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಿಗ್ನಲ್ ಕಂಡಾಗ ಲೋಕೊ ಪೈಲಟ್ ಮತ್ತು ಸಹಾಯಕ ಅದರ ಬಣ್ಣವನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಬೇಕು. ಜಪಾನಿನ ರೈಲುಗಳಲ್ಲಿ ಬೆರಳು ತೋರಿಸಿಯೂ ಹೇಳುತ್ತಾರೆ. ಕಣ್ಣು ನೋಡಿದ್ದನ್ನು ಬಾಯಿ ಹೇಳಿದಾಗ ಮನಸ್ಸು ತಪ್ಪಿಸಿಕೊಳ್ಳಲಾಗದು. ನೀವೂ ಮಗನನ್ನೋ ಮಗಳನ್ನೋ ಪಕ್ಕಕ್ಕೆ ನಿಲ್ಲಿಸಿಕೊಂಡು 'ಆಯಿಲ್ ಸರಿ, ಕೂಲಂಟ್ ಸರಿ, ಬ್ರೇಕ್ ಆಯಿಲ್ ತುಸು ಕಡಿಮಿ' ಎಂದು ಬಾಯಿಬಿಟ್ಟು ಹೇಳಿ. ಮಗಳನ್ನು ಎಂದು ಬೇಕೆಂದೇ ಹೇಳುತ್ತಿದ್ದೇನೆ. ಸ್ಕೂಟಿ ಅವಳದು, ಅದರ ಆಯಿಲಿನ ಚಿಂತೆ ಮಾತ್ರ ಅಣ್ಣನದು ಎನ್ನುವ ಮನೆಗಳು ಇನ್ನೂ ಬಹಳ ಇವೆ.

ನಡತೆಯ ಮಾತು ಬರುವುದು ಒಂದೇ ಗಾಡಿಯನ್ನು ಹಲವರು ಓಡಿಸುವಲ್ಲಿ. ಹಳ್ಳಿಯಲ್ಲಿ ಓಣಿಗೊಂದು ಕಾರಿದ್ದರೆ ಮದುವೆ, ಆಸ್ಪತ್ರೆ, ಮಣ್ಣು ಎಲ್ಲಕ್ಕೂ ಅದೇ. ಅಣ್ಣ ಒಯ್ಯುತ್ತಾನೆ, ಅಳಿಯ ಒಯ್ಯುತ್ತಾನೆ, ಗೆಳೆಯ ಕೇಳಿ ಒಯ್ಯುತ್ತಾನೆ. ಪೆಟ್ರೋಲ್ ಹಾಕಿಸಿ ತಂದು ಬಿಟ್ಟರೆ ತಮ್ಮ ಋಣ ತೀರಿತು ಎಂದುಕೊಳ್ಳುತ್ತಾರೆ. ಇನ್ನೊಬ್ಬರು ನೋಡಿರುತ್ತಾರೆ ಎಂದು ಪ್ರತಿಯೊಬ್ಬರೂ ನಂಬಿರುವುದರಿಂದ ಯಾರೂ ನೋಡಿರುವುದಿಲ್ಲ. ಇದಕ್ಕೆ ಮದ್ದು ಗ್ಲೋವ್‌ಬಾಕ್ಸಿನಲ್ಲಿ ಒಂದು ನೋಟ್‌ಬುಕ್ಕು. ತಾರೀಕು, ಓಡಿದ ಕಿಲೋಮೀಟರು, ಏನು ನೋಡಿದೆ, ಏನು ಹಾಕಿದೆ, ಕೆಳಗೆ ಒಂದು ಸಹಿ. ಒಂದು ಸಲದ ಮಟ್ಟ ನೋಡಿ ಹೆಚ್ಚೇನೂ ತಿಳಿಯುವುದಿಲ್ಲ. ಹಿಂದಿನ ತಿಂಗಳ ಜೊತೆ ಹೋಲಿಸಿದಾಗ ಆಯಿಲ್ ತಿನ್ನುವ ಎಂಜಿನ್ ಸಿಕ್ಕಿಬೀಳುತ್ತದೆ. ಕಡ ತಂದ ಗಾಡಿಯಲ್ಲಿ ದಾರಿಯಲ್ಲಿ ಏನಾದರೂ ದೀಪ ಮಿನುಗಿದ್ದರೆ ಚಾವಿ ಕೊಡುವಾಗ ಮಾಲೀಕರಿಗೆ ಹೇಳಿಬಿಡಿ. ಅದನ್ನು ಮುಚ್ಚಿಡುವುದು ಗಾಡಿ ಕೆಡಿಸುವುದಕ್ಕಿಂತ ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೆಕ್ಯಾನಿಕ್ಕಿನ ಎದುರೂ ಈ ನೋಟ್‌ಬುಕ್ಕು ನಿಮ್ಮ ಮಾತನ್ನು ಬದಲಿಸುತ್ತದೆ. 'ಏನೋ ಸದ್ದು ಬರ್ತದ, ನೋಡ್ರಿ' ಎನ್ನುವವರಿಗೆ ಸಿಗುವ ಉತ್ತರ ಬೇರೆ. 'ಎರಡು ತಿಂಗಳಲ್ಲಿ ಕೂಲಂಟ್ ಇಷ್ಟು ಇಳಿದಿದೆ, ಕೆಳಗೆ ಹನಿ ಕಂಡಿಲ್ಲ' ಎನ್ನುವವರಿಗೆ ಸಿಗುವ ಉತ್ತರ ಬೇರೆ. ಒಳ್ಳೆಯ ಮೆಕ್ಯಾನಿಕ್ ಇಂಥ ಗಿರಾಕಿಯನ್ನು ಕಂಡರೆ ಖುಷಿಪಡುತ್ತಾನೆ, ಮೋಸ ಮಾಡುವವನು ಹುಷಾರಾಗುತ್ತಾನೆ. ಎರಡೂ ನಿಮಗೆ ಲಾಭವೇ.

ಬರುವ ಅಮಾವಾಸ್ಯೆಯ ತನಕವೂ ಕಾಯಬೇಡಿ, ನಾಳೆಯೇ ನೋಡಿ. ಬೆಳಿಗ್ಗೆ ಚಾವಿ ತಿರುವುವ ಮುನ್ನ ನೋಡಿ, ಎಂಜಿನ್ ಒಮ್ಮೆ ಚಾಲೂ ಆದರೆ, ಆರಿಸಿ ಹತ್ತು ನಿಮಿಷ ಕಳೆಯುವ ತನಕ ಡಿಪ್‌ಸ್ಟಿಕ್ ಸರಿಯಾದ ಲೆಕ್ಕ ಕೊಡುವುದಿಲ್ಲ.