ಕಿವಿಯೂ ಲಿಂಗಸ್ಥಾನವೇ

ಕಾಯಕದಿಂದ ಗಳಿಸಿದ ಧನವು ಗಳಿಸಿದವನಿಗೆ ಸೇರಿದುದೆಂಬುದು ಲೋಕರೂಢಿಯ ಮಾತು. ಶರಣಧರ್ಮವಾದರೋ ಅದರ ಮುಂದೆ ಇನ್ನೊಂದು ಪ್ರಶ್ನೆಯನ್ನಿಡುತ್ತದೆ: ಆ ಧನದ ವಿನಿಯೋಗದಿಂದ ಯಾರಿಗೆ ಹಿತವಾಯಿತು, ಯಾರಿಗೆ ನೋವಾಯಿತು? ಈ ಪ್ರಶ್ನೆಯು ದೊಡ್ಡ ದಾನಧರ್ಮಗಳಿಗೆ ಮಾತ್ರ ಸಲ್ಲುವುದೆಂದು ಭಾವಿಸಲಾಗದು. ನಮ್ಮ ಮನೆಯ ತರುಣನು ತನ್ನ ಚಿಕ್ಕ ಮೋಟಾರ್ ಸೈಕಲ್ಲಿಗೆ ಹಾಕಿಸುವ ಒಂದು ಕೊಳವೆಗೂ ಅದು ಸಲ್ಲುತ್ತದೆ.

ನೂರು, ನೂರೈವತ್ತು ಸಿ.ಸಿ.ಯ ಫಟಫಟಿಯ ಮೂಲ ಸೈಲೆನ್ಸರನ್ನು ಬಿಚ್ಚಿಸಿ, ಅಬ್ಬರಿಸುವ ಬೇರೊಂದನ್ನು ಕೂಡಿಸುವ ಚಾಳಿ ನಗರಗಳಿಂದ ಸಂಕೇಶ್ವರದಂಥ ಊರುಗಳಿಗೂ ಬಂದಿದೆ. ಮೊದಲು ಆ ಸಾಧನದ ಗುಣವನ್ನು ತಿಳಿಯುವುದು ಲೇಸು. ಇಂಜಿನ್ನಿನಿಂದ ಬಿಸಿಯಾದ ಹೊಗೆಯು ಒತ್ತಡದಿಂದ, ಬಡಿತ ಬಡಿತವಾಗಿ ಹೊರನುಗ್ಗುತ್ತದೆ. ಸೈಲೆನ್ಸರಿನೊಳಗಿನ ಕೋಣೆಗಳೂ ರಂಧ್ರವುಳ್ಳ ಕೊಳವೆಗಳೂ ಆ ಬಡಿತವನ್ನು ಮರಳಿಸಿ, ಒಂದರಿಂದೊಂದನ್ನು ತಗ್ಗಿಸಿ, ಮೆತ್ತಗಾಗಿಸಿ ಬಿಡುತ್ತವೆ. ಈಗಿನ ಗಾಡಿಗಳಲ್ಲಿ ವಿಷವಾಯುವನ್ನು ಕಡಮೆ ಮಾಡುವ ಸಾಧನವೂ ಆ ಕೊಳವೆಯ ಸಾಲಿನಲ್ಲಿಯೇ ಇರುತ್ತದೆ. ಇಂಜಿನ್ನನ್ನೂ ಕೊಳವೆಯನ್ನೂ ಒಂದಕ್ಕೊಂದು ಹೊಂದುವಂತೆ ರೂಪಿಸಿರುವುದರಿಂದ, ಕೊಳವೆಯೊಂದನ್ನೇ ಬದಲಿಸಿದರೆ ಚಿಕ್ಕ ಗಾಡಿಯಲ್ಲಿ ಹೆಚ್ಚುವ ಬಲವು ಅತ್ಯಲ್ಪ, ಹೆಚ್ಚುವುದು ಸದ್ದು. 80ರಿಂದ 175 ಸಿ.ಸಿ.ವರೆಗಿನ ದ್ವಿಚಕ್ರವಾಹನವು ತಯಾರಾಗುವಾಗ 77 ಡೆಸಿಬಲ್‌ಗಳನ್ನು ಮೀರಕೂಡದೆಂಬ ನಿಯಮವಿದೆ. ಈ ಅಳತೆಯಲ್ಲಿ 10 ಏರಿದರೆ ಶಬ್ದದ ಶಕ್ತಿಯು ಹತ್ತು ಮಡಿಯಾಗುವುದು.

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಇಂಥ ಮಾರ್ಪಾಟನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ತರುವಾಯ, ಶಬ್ದದ ಮಿತಿ ಮೀರಿದವನಿಗೆ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಆದರೆ ದಂಡದ ಭಯದಿಂದ ಹುಟ್ಟಿದ ಮೌನವು ಆಚಾರವೆನಿಸದು. ಪೋಲೀಸರಿಲ್ಲದ ಓಣಿಯಲ್ಲಿ ಅದು ಮತ್ತೆ ಮುರಿಯುತ್ತದೆ. ಆದಕಾರಣ ವಿಚಾರವು ಇನ್ನೂ ಒಳಗೆ ಇಳಿಯಬೇಕು.

“ಗಾಡಿ ನನ್ನದು, ದುಡಿಮೆ ನನ್ನದು, ನನ್ನ ಸಂತೋಷಕ್ಕೆ ಅಡ್ಡಿಯೇಕೆ?” ಎಂದು ತರುಣನು ಕೇಳುವನು. ಈ ಮಾತನ್ನು ತಿರಸ್ಕರಿಸದೆ ಉತ್ತರಿಸಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿನದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಅದು ಕದ್ದುದಲ್ಲ, ಬೇಡಿದುದಲ್ಲ, ಮೈಮುರಿದು ಆಯ್ದುದು. ಆದರೂ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದರು. ದುಡಿಮೆಯು ಶುದ್ಧವಾಗಿದ್ದರೆ ಸಾಲದು, ಮಿತಿಯೂ ಶುದ್ಧವಾಗಿರಬೇಕೆಂಬುದು ಆ ತಾಯಿಯ ತೀರ್ಪು. ಗಾಡಿಯು ಹೊಲಕ್ಕೆ, ಕಾರ್ಖಾನೆಗೆ, ಶಾಲೆಗೆ ಒಯ್ಯುವುದಕ್ಕೆ ಬೇಕು. ಆ ಕೆಲಸಕ್ಕೆ ಬೇಕಾದುದಕ್ಕಿಂತ ಮಿಗಿಲಾಗಿ ಎಬ್ಬಿಸಿದ ಸದ್ದು ಹಿಂದಿರುಗಿಸಬೇಕಾದ ಅಕ್ಕಿಯಂತೆ. ಅಕ್ಕಿಯನ್ನಾದರೂ ಹಿಂದಿರುಗಿಸಬಹುದು, ಮಲಗಿದ ಹಸುಳೆಯನ್ನು ಬೆಚ್ಚಿಸಿದ ಸದ್ದನ್ನು ಹಿಂದಕ್ಕೆ ಕರೆಯಲಾಗದು.

ಷಟ್‌ಸ್ಥಲ ಶಾಸ್ತ್ರವು ಪಂಚೇಂದ್ರಿಯಗಳನ್ನು ಲಿಂಗಮುಖಗಳೆಂದು ತಿಳಿಸುತ್ತದೆ. ಅದರಂತೆ ಶ್ರೋತ್ರವು ಪ್ರಸಾದಲಿಂಗದ ಸ್ಥಾನ. ಶಬ್ದವೇ ಅಲ್ಲಿಯ ಅರ್ಪಿತ. ಹಾಗಾದ ಮೇಲೆ ನೆರೆಯವನ ಕಿವಿಗೆ ನಾವು ಕಳುಹಿಸುವ ಪ್ರತಿಯೊಂದು ಸದ್ದೂ ಅವನ ಪ್ರಸಾದಲಿಂಗದ ಮುಂದೆ ಇಟ್ಟುದಾಗುತ್ತದೆ. ಕಣ್ಣಿಗೆ ರೆಪ್ಪೆಯುಂಟು, ಬಾಯಿಗೆ ತುಟಿಯುಂಟು, ಕಿವಿಗೆ ಬಾಗಿಲಿಲ್ಲ. ಬಾಗಿಲಿಲ್ಲದ ಗುಡಿಗೆ ಕಸವನ್ನೆಸೆಯುವುದು ಭಕ್ತನ ಲಕ್ಷಣವೆ? ರೋಗಿ, ಬಾಣಂತಿ, ಪರೀಕ್ಷೆಗೆ ಓದುವ ಮಗು, ಕಬ್ಬಿನ ಗಾಡಿಯ ನೊಗದಲ್ಲಿ ಬೆದರುವ ಎತ್ತು, ಇವರಾರೂ ಆ ಸದ್ದನ್ನು ಬೇಡಿದವರಲ್ಲ. ದಯೆಯನ್ನು ಧರ್ಮದ ಮೂಲವೆಂದು ಸಾರಿದ ಬಸವಣ್ಣನವರ ಮಕ್ಕಳು ನಾವು. ಆ ದಯೆಗೆ ಮನುಷ್ಯ, ಪಶು ಎಂಬ ಭೇದವಿಲ್ಲ.

ಇಲ್ಲಿ ಕೊಳವೆ ಹಾಕುವ ಮಿಸ್ತ್ರಿಯ ವಿಷಯವೂ ಬರುತ್ತದೆ. ಗಿರಾಕಿ ಕೇಳಿದನೆಂದ ಮಾತ್ರಕ್ಕೆ ಕೆಲಸವು ಕಾಯಕವಾಗದು. ತುಕ್ಕು ತಿಂದ ಸೈಲೆನ್ಸರನ್ನು ತೆಗೆದು, ಮಿತಿಯೊಳಗಿನ ಇನ್ನೊಂದನ್ನು ಹಾಕುವುದು ಸತ್ಯಶುದ್ಧ ಕಾಯಕವೇ ಸರಿ, ಅದರಲ್ಲಿ ದೋಷವಿಲ್ಲ. ಪರರ ನೋವಿಗೆ ಕೂಲಿ ಪಡೆಯುವುದು ಬೇರೆ.

ಆದರೆ ಈ ತಕ್ಕಡಿಯಲ್ಲಿ ಹಿರಿಯರಾದ ನಾವೂ ಕೂಡಬೇಕು. ಜಾತ್ರೆ, ಲಗ್ನ, ಪುರಾಣಗಳಲ್ಲಿ ಧ್ವನಿವರ್ಧಕವನ್ನು ಊರಿಗೆಲ್ಲ ಕೇಳುವಂತೆ ತಿರುಗಿಸಿಟ್ಟು, ಮಗನಿಗೆ ಮಾತ್ರ ಮೌನವನ್ನು ಬೋಧಿಸಿದರೆ ಅವನು ನಗುವನು. ನಗುವುದು ನ್ಯಾಯವೂ ಹೌದು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿಯ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ವಿಧಿಸಿದ 45 ಡೆಸಿಬಲ್‌ಗಳ ಮಿತಿಯು ಫಟಫಟಿಗೊಂದು, ಭಜನೆಗೊಂದು ಎಂದು ಎರಡಾಗಿಲ್ಲ. ಶಿವನಾಮವೇ ಆದರೂ ಒಲ್ಲದ ಕಿವಿಗೆ ಬಲವಂತವಾಗಿ ತುಂಬಿದರೆ ಅರ್ಪಿತವಾಗದು.

ಆದ್ದರಿಂದ ಗೃಹಸ್ಥರು ಮಗನನ್ನು ಗದರಿಸುವ ಮೊದಲು ತಮ್ಮ ಮನೆಯ ಸದ್ದನ್ನು ತಗ್ಗಿಸಲಿ. ಆ ಬಳಿಕ ಅವನನ್ನು ಕೂಡಿಸಿಕೊಂಡು, ಕಿವಿಯಲ್ಲಿ ನೆಲೆಸಿದ ಲಿಂಗದ ವಿಷಯವನ್ನು ಮೆಲ್ಲನೆ ತಿಳಿಸಲಿ. ತಿಳಿದ ತರುಣನು ತಾನಾಗಿಯೇ ಮಿಸ್ತ್ರಿಯ ಬಳಿಗೆ ಹೋಗಿ ಹಳೆಯ ಸೈಲೆನ್ಸರನ್ನು ಮತ್ತೆ ಹಾಕಿಸಿದರೆ, ಆ ದಿನ ಆ ಓಣಿಯಲ್ಲಿ ಒಂದು ಲಿಂಗಪೂಜೆ ನಡೆಯಿತೆಂದೇ ತಿಳಿಯಬೇಕು.