ಮುಂಗಡ ತೀರಿಸಿದ ಹರಕೆ

ಶ್ರಾವಣ ಕಳೆದು ಬರುವ ಮಂಗಳವಾರ ಗೌರಸಮುದ್ರದಲ್ಲಿ ಮಾರಮ್ಮನ ದೊಡ್ಡ ಜಾತ್ರೆ. ಅಮ್ಮನನ್ನು ಊರಾಚೆಯ ತುಮ್ಮಲಿಗೆ ಕರೆತರುತ್ತಾರೆ. ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಷ್ಟೇ ಅಲ್ಲ, ಗಡಿಯಾಚೆಯ ಆಂಧ್ರದ ಹಳ್ಳಿಗಳವರೂ ಬಂದು ಸೇರುತ್ತಾರೆ. ಹೊಲದಲ್ಲಿ ಬೆಳೆದ ಈರುಳ್ಳಿಯನ್ನು ಜನ ದೇವಿಯತ್ತ ತೂರಿ ಹರಕೆ ತೀರಿಸುತ್ತಾರೆ. ಇದನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕುವವರು ಅದರೊಳಗಿನ ಲೆಕ್ಕಾಚಾರವನ್ನು ಗಮನಿಸಿದಂತಿಲ್ಲ. ಹರಕೆಯಲ್ಲಿ ಮಾತು ಮೊದಲು, ಫಲ ಆಮೇಲೆ, ಕೊಡುವುದು ಕೊನೆಗೆ. ‘ಮಗು ಹುಷಾರಾದರೆ ಬಂದು ಒಪ್ಪಿಸ್ತೀನಿ ತಾಯಿ’ ಎಂದವಳು ಮಗು ಎದ್ದು ಓಡಾಡಿದ ಮೇಲೆ ಬರುತ್ತಾಳೆ. ಬೆಳೆ ಕೈಗೆ ಬಂದ ಮೇಲೆ ರೈತ ಬರುತ್ತಾನೆ. ದೇವರ ಮೇಲೆ ಎಷ್ಟೇ ಭಕ್ತಿಯಿದ್ದರೂ, ಆಗದ ಕೆಲಸಕ್ಕೆ ಮುಂಗಡ ತೆರುವ ಪದ್ಧತಿ ಅಲ್ಲಿಲ್ಲ.

ಹೊಸ ಯಂತ್ರವನ್ನು ಎಲ್ಲರಿಗಿಂತ ಮೊದಲು ಕೊಳ್ಳುವವರು ಈ ಕ್ರಮವನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಹಣ ಕೊಡುತ್ತಾರೆ, ಆಮೇಲೆ ಫಲಕ್ಕೆ ಕಾಯುತ್ತಾರೆ. ಎದುರಿನ ದೃಶ್ಯದೊಳಗೆ ಇಲ್ಲದ ಬಿಂಬಗಳನ್ನು ಬೆರೆಸಿ ತೋರಿಸುವ ‘ಮಿಶ್ರ ವಾಸ್ತವ’ದ ಹೆಡ್‌ಸೆಟ್‌ಗಳ ಕಥೆಯಲ್ಲಿ ಇದು ಕಣ್ಣಿಗೆ ರಾಚುವಂತಿದೆ. ಹಾಗೆ ಕೊಂಡವರ ನಿರಾಸೆಯನ್ನು ಶ್ರೀಮಂತರ ಖಯಾಲಿಯೆಂದು ನಕ್ಕು ಬಿಡುವುದು ತಪ್ಪು ಎಂಬುದು ನನ್ನ ವಾದ. ಅವರು ಕೊಟ್ಟದ್ದು ಬೆಲೆಯಷ್ಟೇ ಅಲ್ಲ, ನಂಬಿಕೆಯ ಸಾಲ. ಸಾಲ ಪಡೆದವರಿಗೆ ತೀರಿಸುವ ಹೊಣೆಯೂ ಇರಬೇಕು.

ಈ ಯಂತ್ರದ ಕನಸು ಹಳೆಯದು. 1968ರಲ್ಲಿ ಐವನ್ ಸದರ್ಲೆಂಡ್ ಕಟ್ಟಿದ ತಲೆಗೆ ತೊಡುವ ಪರದೆ ಎಷ್ಟು ಭಾರವಿತ್ತೆಂದರೆ ಅದನ್ನು ಚಾವಣಿಯಿಂದ ತೂಗುಹಾಕಬೇಕಾಗಿತ್ತು. 2016ರಲ್ಲಿ ಮೈಕ್ರೋಸಾಫ್ಟ್ ತನ್ನ ಹೋಲೋಲೆನ್ಸನ್ನು 3,000 ಡಾಲರಿಗೆ ತಂತ್ರಾಂಶ ಬರೆಯುವವರ ಕೈಗಿತ್ತಿತು. 2024ರ ಫೆಬ್ರುವರಿ 2ರಂದು ಅಮೆರಿಕದಲ್ಲಿ ಆಪಲ್ ವಿಷನ್ ಪ್ರೋ ಮಾರಾಟಕ್ಕೆ ಬಂತು. ಬೆಲೆ 3,499 ಡಾಲರ್, ಅಂದಿನ ದರದಲ್ಲಿ ಸುಮಾರು 2 ಲಕ್ಷ 90 ಸಾವಿರ ರೂಪಾಯಿ.

ಅಷ್ಟು ಕೊಟ್ಟವರ ಆಸೆಗಳು ಕ್ಷುಲ್ಲಕವಾಗಿರಲಿಲ್ಲ. ಕಣ್ಣ ಮುಂದಿನ ಕೋಣೆ ಹಾಗೇ ಇರುತ್ತದೆ, ಅದರ ನಡುವೆ ಇಲ್ಲದ ವಸ್ತುವೊಂದು ನೆಲದ ಮೇಲೆ ನಿಂತಂತೆ ಕಾಣುತ್ತದೆ, ಸುತ್ತ ನಡೆದು ನೋಡಬಹುದು. ಆಳವೂ ಕಾಣುವಂತೆ ಹಿಡಿದಿಟ್ಟ ವಿಡಿಯೊದಲ್ಲಿ ದೂರದ ಮನೆಯ ಪಡಸಾಲೆ ಎದುರಿಗೇ ತೆರೆದುಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕುಳಿತ ಮಗನಿಗೆ ಊರ ಜಾತ್ರೆಯ ನಡುವೆ ನಿಂತ ಅನುಭವ ಸಿಗುವುದಾದರೆ ಯಾರು ಬೇಡವೆನ್ನುತ್ತಾರೆ? ಮೊಳಕಾಲ್ಮುರಿನ ನೇಕಾರ ಸೆರಗಿನ ಹೊಸ ನಮೂನೆಯನ್ನು ಜಕಾರ್ಡಿನ ರಟ್ಟುಗಳಿಗೆ ತೂತು ಹೊಡೆಯುವ ಮೊದಲೇ ಸೀರೆಯಗಲಕ್ಕೆ ಹರಡಿ ನೋಡುವಂತಾದರೆ ಎಷ್ಟು ರೇಷ್ಮೆ, ಎಷ್ಟು ದುಡಿಮೆ ಉಳಿದೀತು! ಇಂಥ ಆಸೆ ಇಟ್ಟುಕೊಂಡವರನ್ನು ನಾನು ಗೌರವಿಸುತ್ತೇನೆ.

ನಿರಾಸೆ ಮೊದಲು ಬಂದದ್ದು ಮೈಗೆ. 2024ರ ಆ ವಿಷನ್ ಪ್ರೋದ ತೂಕ 600ರಿಂದ 650 ಗ್ರಾಂ. ಭಾರವೆಲ್ಲ ಮುಂದಕ್ಕೆ ವಾಲಿ ಕೆನ್ನೆಯ ಮೂಳೆ, ಹಣೆಯ ಮೇಲೆ ಕೂರುತ್ತದೆ. ಬ್ಯಾಟರಿ ಬೇರೆ, ತಂತಿಯ ತುದಿಯಲ್ಲಿ ಜೇಬಿಗಿಳಿದಿರುತ್ತದೆ, ಸುಮಾರು ಎರಡು ಗಂಟೆ ಬಾಳುತ್ತದೆ. ಕಣ್ಣಿನ ಕಷ್ಟ ಇನ್ನೂ ಸೂಕ್ಷ್ಮ. ಹತ್ತಿರದ ವಸ್ತುವನ್ನು ನೋಡುವಾಗ ನಮ್ಮ ಎರಡೂ ಕಣ್ಣು ಒಳಮುಖವಾಗಿ ತಿರುಗುತ್ತವೆ, ಕಣ್ಣೊಳಗಿನ ಮಸೂರವೂ ಆ ದೂರಕ್ಕೆ ಹೊಂದಿಕೊಳ್ಳುತ್ತದೆ. ಇವೆರಡೂ ಜೋಡಿ ಕೆಲಸ. ಹೆಡ್‌ಸೆಟ್ಟಿನಲ್ಲಿ ಕಣ್ಣು ತಿರುಗುವುದು ಹತ್ತಿರದ ಬಿಂಬಕ್ಕೆ, ಮಸೂರ ಹೊಂದಬೇಕಾದದ್ದು ಒಂದೇ ನಿಗದಿತ ದೂರಕ್ಕೆ. ಹುಟ್ಟಿದಾರಭ್ಯ ಜೊತೆಯಾಗಿದ್ದ ಎರಡು ಚಲನೆಗಳನ್ನು ಬೇರ್ಪಡಿಸಿದರೆ ತಲೆ ನೋಯುತ್ತದೆ. ಅಮೆರಿಕದ ಸೇನೆ ಹೋಲೋಲೆನ್ಸ್ ಮಾದರಿಯನ್ನು ಪರೀಕ್ಷಿಸಿದಾಗ ಸೈನಿಕರೇ ತಲೆನೋವು, ವಾಕರಿಕೆ ಎಂದು ದೂರಿದರು. ಇನ್ನು ನಮ್ಮ ಬಯಲುಸೀಮೆಯ ಬಿಸಿಲಿಗೆ ಇಂಥ ಹೆಡ್‌ಸೆಟ್ಟನ್ನು ಮಗುಚಿ ಇಟ್ಟರೆ ಕಥೆಯೇ ಬೇರೆ: ಮಸೂರಗಳು ಸೂರ್ಯನ ಬೆಳಕನ್ನು ಒಟ್ಟುಗೂಡಿಸಿ ಒಳಗಿನ ಪರದೆಯನ್ನು ಸುಟ್ಟುಬಿಡುತ್ತವೆ.

ತೂಕ ಇಳಿಯಬಹುದು, ಮಸೂರ ಸುಧಾರಿಸಬಹುದು. ನನ್ನನ್ನು ಕಾಡುವುದು ಇದಕ್ಕಿಂತ ಆಳದ ಪ್ರಶ್ನೆ: ಹೊಸತನ್ನು ನಂಬಿ ಮೊದಲು ಕೊಂಡವರಿಗೆ ಆಸರೆಯೇನು? ಅದಕ್ಕೆ ಉತ್ತರ ಹುಡುಕಲು ಬೀಜದ ಕಡೆ ನೋಡಬೇಕು.

ಮೊದಲು ಕೊಳ್ಳುವವರ ಬಗ್ಗೆ ಇಂದು ಮಾರುಕಟ್ಟೆಯವರು ಆಡುವ ಮಾತಿಗೆಲ್ಲ ಮೂಲ ಕಂಪ್ಯೂಟರಲ್ಲ, ಮುಸುಕಿನ ಜೋಳ. 1943ರಲ್ಲಿ ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಜೋಳ ರೈತರಿಂದ ರೈತರಿಗೆ ಹೇಗೆ ಹರಡಿತೆಂಬ ಅಧ್ಯಯನ ಪ್ರಕಟಿಸಿದರು. ಆ ದಾರಿಯಲ್ಲೇ ಮುಂದುವರಿದ ಎವರೆಟ್ ರಾಜರ್ಸ್ 1962ರ ತನ್ನ ಪುಸ್ತಕದಲ್ಲಿ ಹೊಸತನ್ನು ಬೇಗ ಒಪ್ಪುವವರು, ತಡವಾಗಿ ಒಪ್ಪುವವರು ಎಂಬ ವರ್ಗೀಕರಣ ಕೊಟ್ಟ. ರಾಜರ್ಸ್ ಸ್ವತಃ ಅಯೋವಾದ ರೈತನ ಮಗ. ಅವನ ತಂದೆ ಹೈಬ್ರಿಡ್ ಬೀಜವನ್ನು ನಂಬಲಿಲ್ಲ. 1936ರ ಬರದಲ್ಲಿ ನೆರೆಯವರ ಹೈಬ್ರಿಡ್ ಬೆಳೆ ತಡೆದು ನಿಂತಿತು, ತಂದೆಯ ಬೆಳೆ ಒಣಗಿತು. ಹೆದರಿ ಹಿಂದೆ ನಿಂತವರು ಸದಾ ಜಾಣರಲ್ಲ. ಮೊದಲು ಮುಂದೆ ಬರುವವರಿಲ್ಲದೆ ಊರಿಗೆ ಒಳ್ಳೆಯದೂ ಬರುವುದಿಲ್ಲ. ಫಲ ಕಂಡ ಮೇಲೆ ಕೊಡುವ ಹರಕೆಯ ಕ್ರಮಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಮಾತು ಇದೇ, ಇದನ್ನು ನಾನು ಒಪ್ಪುತ್ತೇನೆ.

ಆದರೆ ಮೊದಲು ಮುಂದೆ ಬರುವುದಕ್ಕೂ ಒಂದು ಕ್ರಮವಿದೆ. ನಮ್ಮ ಚಳ್ಳಕೆರೆ ಸೀಮೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲೊಂದು, ಇಲ್ಲಿನ ಬೆಳೆ ಶೇಂಗಾ. 1940ರಲ್ಲಿ ಬಂದ ಟಿಎಂವಿ-2 ತಳಿಯನ್ನು ಜನ ದಶಕಗಟ್ಟಲೆ ಬಿಡಲಿಲ್ಲ. ಆಂಧ್ರದ ಕದಿರಿಯಲ್ಲಿ ಹುಟ್ಟಿದ ಕೆ-6ರಂಥ ತಳಿಗಳು ಬಂದಾಗಲೂ ಬುದ್ಧಿವಂತ ರೈತ ಇಡೀ ಹೊಲಕ್ಕೆ ಹಾಕುವುದಿಲ್ಲ. ಒಂದು ಮೂಲೆಗೆ ಬಿತ್ತಿ ನೋಡುತ್ತಾನೆ. ಪಕ್ಕದವನು ಬದುವಿನ ಮೇಲೆ ನಿಂತು ಒಂದು ಗಿಡ ಕಿತ್ತು ಕಾಯಿ ಎಣಿಸುತ್ತಾನೆ. ಚೆನ್ನಾಗಿ ಬಂದರೆ ಮುಂದಿನ ವರ್ಷಕ್ಕೆ ಅದರಲ್ಲೇ ಬೀಜ ಎತ್ತಿಡಬಹುದು. ಬೀಜ ಮಾರಿದವನ ಅಂಗಡಿ ಮುಚ್ಚಿದರೂ ಬೆಳೆ ನಿಲ್ಲುವುದಿಲ್ಲ. ಸ್ವಲ್ಪದರಲ್ಲಿ ಪರೀಕ್ಷಿಸಲು ಬರುವುದು, ಬೇರೆಯವರ ಕಣ್ಣಿಗೂ ಕಾಣುವುದು ಎಂಬ ಎರಡನ್ನು ಹೊಸತು ಹರಡಲು ಬೇಕಾದ ಗುಣಗಳ ಪಟ್ಟಿಯಲ್ಲಿ ರಾಜರ್ಸ್ ಕೂಡ ಸೇರಿಸಿದ್ದ. ಕೊಂಡದ್ದು ಕೊಂಡವನದೇ ಆಗಿ ಉಳಿಯುವುದು ಎಂಬ ಮೂರನೆಯದನ್ನು ನಾನು ಸೇರಿಸುತ್ತೇನೆ.

ಹೆಡ್‌ಸೆಟ್ ಈ ಮೂರರಲ್ಲೂ ಎಡವುತ್ತದೆ. ಆಪಲ್‌ನದನ್ನು ಹದಿನಾಲ್ಕು ದಿನದೊಳಗೆ ವಾಪಸ್ ಕೊಡಬಹುದಲ್ಲ ಎನ್ನಬಹುದು. ಹದಿನಾಲ್ಕು ದಿನದಲ್ಲಿ ತಿಳಿಯುವುದು ತೂಕ. ಅದಕ್ಕೆ ತಕ್ಕ ತಂತ್ರಾಂಶಗಳು ಬಂದಾವೇ, ವರ್ಷ ಕಳೆದರೂ ಕೆಲಸಕ್ಕೆ ಬಂದೀತೇ ಎಂಬುದು ತಿಳಿಯುವುದಿಲ್ಲ. ಬೇರೆಯವರ ಕಣ್ಣಿಗಂತೂ ಕಾಣುವುದೇ ಇಲ್ಲ. ತೊಟ್ಟವನ ಎದುರು ಮೇಜಿನ ಮೇಲೆ ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ರಥ ನಿಂತಿರಬಹುದು. ಪಕ್ಕದಲ್ಲಿರುವ ಹೆಂಡತಿಗೆ ಕಾಣುವುದು ಗಾಳಿಯಲ್ಲಿ ಬೆರಳು ಚಿವುಟುತ್ತಿರುವ ಗಂಡ. ವಾಸ್ತವ ಎಂದರೇನು ಎಂಬ ಹಳೆಯ ಪ್ರಶ್ನೆಗೆ ನನ್ನ ಉತ್ತರ ಸರಳ: ‘ಅಲ್ಲಿ ನೋಡು’ ಎಂದಾಗ ಇನ್ನೊಬ್ಬರಿಗೂ ಕಾಣುವಂಥದ್ದು. ತುಮ್ಮಲಿನಲ್ಲಿ ಒಬ್ಬ ತೂರಿದ ಈರುಳ್ಳಿ ಇನ್ನೊಬ್ಬನ ಭುಜಕ್ಕೆ ಬಡಿಯುತ್ತದೆ. ಹೀಗೆ ಇನ್ನೊಬ್ಬರನ್ನು ತಾಗದ್ದನ್ನು ವಾಸ್ತವದೊಳಗೆ ಬೆರೆತದ್ದೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಒಂದೇ ಬಿಂಬವನ್ನು ಹಲವರು ಒಟ್ಟಿಗೆ ನೋಡುವ ಏರ್ಪಾಡು ಸಾಧ್ಯ, ನಿಜ. ಆದರೆ ಮನೆಮಂದಿಗೆಲ್ಲ ಒಂದೊಂದು ಕೊಳ್ಳಬೇಕು.

ಕೊಂಡದ್ದು ಕೊಂಡವನದೇ ಆಗಿ ಉಳಿಯಬೇಕೆಂಬ ಮೂರನೆಯದರಲ್ಲಿ ಎಡವಿದ್ದು ಎಲ್ಲಕ್ಕಿಂತ ಕೆಟ್ಟದ್ದು. 2017ರಲ್ಲಿ ವಿಂಡೋಸ್ ಮಿಕ್ಸೆಡ್ ರಿಯಾಲಿಟಿ ಎಂಬ ಹೆಸರಿನಲ್ಲಿ ಏಸರ್, ಎಚ್‌ಪಿ ಮುಂತಾದ ಹಲವು ಕಂಪನಿಗಳ ಹೆಡ್‌ಸೆಟ್‌ಗಳು ಬರತೊಡಗಿದವು. 2023ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಡುವುದಾಗಿ ಸಾರಿ, 2024ರ ವಿಂಡೋಸ್ 11 ಆವೃತ್ತಿಯಿಂದ ಕಿತ್ತೇ ಹಾಕಿತು. ಕಂಪ್ಯೂಟರನ್ನು ಆ ಆವೃತ್ತಿಗೆ ಏರಿಸಿದವರ ಹೆಡ್‌ಸೆಟ್ ಒಂದು ಗೀರೂ ಬೀಳದೆ, ಒಂದು ತಿರುಪೂ ಸಡಿಲವಾಗದೆ ಸತ್ತುಹೋಯಿತು. ಅದೇ ವರ್ಷ ಹೋಲೋಲೆನ್ಸ್ 2ರ ತಯಾರಿಕೆಯೂ ನಿಂತಿತು. ಬೀಜ ಮಾರಿದವನು ಮೂರು ವರ್ಷದ ಮೇಲೆ ಬಂದು ಹೊಲದಲ್ಲಿ ನಿಂತ ಪೈರನ್ನು ಒಣಗಿಸಿ ಹೋಗಬಹುದಾದರೆ ಅದನ್ನು ವ್ಯಾಪಾರ ಎನ್ನುತ್ತೇವೆಯೇ?

ವ್ಯಾಪಾರದಲ್ಲಿ ಲಾಭನಷ್ಟ ಇದ್ದದ್ದೇ, ಕಂಪನಿ ನಷ್ಟದ ವಸ್ತುವನ್ನು ಎಷ್ಟು ದಿನ ಸಾಕಬೇಕು ಎಂದು ಕೇಳುವವರಿದ್ದಾರೆ. ಸಾಕಬೇಕಿಲ್ಲ. ಬಿಡುವಾಗ ಬೀಗದ ಕೈಯನ್ನು ಕೊಂಡವರಿಗೆ ಕೊಟ್ಟು ಹೋಗಬೇಕು: ತಂತ್ರಾಂಶವನ್ನು ಬಿಚ್ಚಿಡಬೇಕು, ಬೇರೆಯವರು ಅದನ್ನು ನಡೆಸಿಕೊಂಡು ಹೋಗಲು ಅಡ್ಡಿ ಮಾಡಬಾರದು. ಅದೂ ಆಗದಿದ್ದರೆ ಹಣ ಹಿಂದಿರುಗಿಸಬೇಕು. ಮೊದಲು ಕೊಂಡವರ ತಲೆನೋವಿನಿಂದಲೇ ಮುಂದಿನ ಮಾದರಿಯ ತಪ್ಪುಗಳು ತಿದ್ದುಪಡಿಯಾಗುವುದು. ಅವರು ಗಿರಾಕಿಗಳೂ ಹೌದು, ಸಂಬಳವಿಲ್ಲದ ಪರೀಕ್ಷಕರೂ ಹೌದು.

ಇದು ದೂರದ ದೇಶದವರ ಚಿಂತೆ ಎಂದು ಕೈತೊಳೆದುಕೊಳ್ಳುವಂತಿಲ್ಲ. ಕರ್ನಾಟಕ ಸರ್ಕಾರ 2024ರಿಂದ 2029ರವರೆಗಿನ ಎವಿಜಿಸಿ-ಎಕ್ಸ್‌ಆರ್ ನೀತಿ ತಂದಿದೆ. ಅನಿಮೇಷನ್, ಗೇಮಿಂಗ್ ಜೊತೆಗೆ ಈ ಹೆಡ್‌ಸೆಟ್‌ಗಳ ಲೋಕವೂ ಅದರೊಳಗಿದೆ. ನಾಳೆ ಸ್ಮಾರ್ಟ್ ತರಗತಿಯ ಹೆಸರಿನಲ್ಲಿ ಇವು ಚಳ್ಳಕೆರೆಯ ಸರ್ಕಾರಿ ಶಾಲೆಗಳಿಗೂ ಬಂದಾವು. ಇದೇ ತಾಲ್ಲೂಕಿನ ಕುದಾಪುರದಲ್ಲಿ ಐಐಎಸ್‌ಸಿ ವರ್ಷಗಳಿಂದ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿಸುವ ತರಬೇತಿ ಕೊಡುತ್ತಿದೆ. ಅಲ್ಲಿ ಕಲಿತ ಮೇಷ್ಟ್ರ ಪ್ರಯೋಗವನ್ನು ಇಡೀ ತರಗತಿ ಒಟ್ಟಿಗೆ ನೋಡುತ್ತದೆ, ಅದು ಯಾರ ಅಪ್ಪಣೆಯಿಂದಲೂ ನಿಂತುಹೋಗುವುದಿಲ್ಲ. ತನ್ನ ದುಡ್ಡು ಕೊಟ್ಟು ಮೊದಲು ಕೊಳ್ಳುವುದು ಒಬ್ಬನ ಧೈರ್ಯ. ಬಡಮಕ್ಕಳ ಪಾಲಿನ ದುಡ್ಡಿನಲ್ಲಿ ಸರ್ಕಾರ ಮೊದಲ ಗಿರಾಕಿಯಾಗುವುದು ಧೈರ್ಯವಲ್ಲ. ಆದ್ದರಿಂದ ಶಾಲೆಗೆ ಇಂಥ ಯಂತ್ರ ಬಂದ ದಿನ ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೂತ ತಂದೆತಾಯಂದಿರು ಎದ್ದು ಕೇಳಲಿ: ಕಂಪನಿ ಕೈಬಿಟ್ಟ ಮೇಲೂ ಇದು ನಡೆಯುತ್ತದೆಯೇ, ಆ ಮಾತು ಬರವಣಿಗೆಯಲ್ಲಿದೆಯೇ? ಇಲ್ಲವೆಂದರೆ ದಯವಿಟ್ಟು ರುಜು ಹಾಕಬೇಡಿ.